ಬೋಂಗೋ ಕಲಿತ ತಾಂಡೇಲ

ಜೂನ್ ಒಂದನೇ ತಾರೀಕು ಬೆಳಿಗ್ಗೆ ಗಂಜಿ ಉಣ್ಣುತ್ತಿದ್ದ ದಾಸ ಬಟ್ಟಲನ್ನು ನೆಲಕ್ಕೆ ಕುಕ್ಕಿ ಘೋಷಣೆ ಮಾಡಿಯೇಬಿಟ್ಟ.

"ಅರವತ್ತೊಂದು ದಿನ! ಕೇಳ್ತಾ? ಅರವತ್ತೊಂದೇ ದಿನದಲ್ಲಿ ನಾನು ಬೋಂಗೋ ಕಲ್ತು ತೋರಿಸ್ತೆ! ಈ ಟೊಂಕದ ಕೇರಿಯಲ್ಲಿ ಎಷ್ಟ್ ಜನ ತಾಂಡೇಲರು ಆಗಿಹೋದ್ರು? ಒಬ್ಬನಾದ್ರೂ ಬೋಂಗೋ ಬಾರಿಸಿದ್ನಾ? ಮೊದಲನೆಯವ ನಾನೇ!"

"ಕಡೆಯವರೂ ನೀವೇ ಆಗ್ಲಿ" ಎಂದಳು ಹೆಂಡತಿ ಮಾಸ್ತಮ್ಮ, ಬಟ್ಟಲಿಗೆ ಉಪ್ಪಿನಕಾಯಿ ಹಾಕುತ್ತ.

ದಾಸನ ಎದೆ ಹಾಗೆ ಉಬ್ಬಲು ಕಾರಣವಿತ್ತು. ಮಳೆಗಾಲದಲ್ಲಿ ಮೀನು ಮರಿ ಮಾಡಲಿ ಎಂದು ಅರವತ್ತೊಂದು ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹೊನ್ನಾವರದ ಬಂದರಿನಲ್ಲಿ ಬೋಟುಗಳೆಲ್ಲ ದಡ ಹತ್ತಿ ಮಲಗಿದ್ದವು. ಹಿಂದಿನ ಸಂಜೆಯಷ್ಟೇ 'ಜಲದೇವಿ' ಬೋಟನ್ನು ಮೇಲೆಳೆದು ನಿಲ್ಲಿಸಿದ ಮಾವ ದೇವಪ್ಪ, ತನ್ನ ಬಲಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತ, ಮೂವತ್ತೈದು ವರ್ಷದಲ್ಲಿ ಯಾರಿಗೂ ಹೇಳದ ಮಾತು ಹೇಳಿದ್ದ.

"ಈ ಮೊಣಕಾಲಿನ ಕೆಲಸ ಮುಗೀತು. ಆಗಸ್ಟಿಂದ ಚುಕ್ಕಾಣಿ ದಾಸ ಹಿಡೀಲಿ. ಮೂರು ದಿನ ನೋಡ್ತೆ. ಸರಿ ಹೋದ್ರೆ ಅವನೇ ಬೋಟಿನ ತಾಂಡೇಲ. ಹೋಗದಿದ್ರೆ ಈರ ಇದ್ದ."

ಈರ ಎಂದರೆ ದೇವಪ್ಪನ ಮಗ, ಮಾಸ್ತಮ್ಮನ ತಮ್ಮ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಪೋರ! ದಾಸನಾದರೋ ಕುಮಟೆ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಮನೆ ಅಳಿಯ. ಮನೆ ಅಳಿಯನ ಬಾಳು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ ಕೇಳಿ. ಊಟಕ್ಕೆ ಎರಡನೇ ಪಂಕ್ತಿ, ಮಾತಿಗೆ ಮೂರನೇ ಪಂಕ್ತಿ. ಚಾ ಅಂಗಡಿಯಲ್ಲಿ "ದಾಸ ಆ ಬೋಟಿಗೆ ಎಂತ ಆಗ್ಬೇಕು?" ಎಂದು ಯಾರೋ ಕೇಳಿದರೆ "ಅಂವ ಬೋಟಿನ ಅಳಿಯ" ಎಂದು ಇನ್ಯಾರೋ ಹೇಳಿ ಬೆಂಚೆಲ್ಲ ನಗುತ್ತಿತ್ತು. ಹನ್ನೊಂದು ವರ್ಷ ಆ ನಗೆಯನ್ನು ಚಾದ ಜೊತೆ ನುಂಗಿದವನಿಗೆ ಚುಕ್ಕಾಣಿ ಎಂದರೆ ಬರೀ ಚಕ್ರವಲ್ಲ, ತಲೆ ಎತ್ತಿ ಅದೇ ಬೆಂಚಿನ ಮೇಲೆ ಕೂರುವ ಹಕ್ಕು. ಅದು ಕೈಗೆ ಬರುವ ಗಳಿಗೆಯಲ್ಲಿ ಮನುಷ್ಯ ಸುಮ್ಮನಿರಬೇಕೋ ಬೇಡವೋ? ದಾಸ ಸುಮ್ಮನಿರಲಿಲ್ಲ.

ಬೋಂಗೋ ಬಂದದ್ದು ಭಟ್ಕಳದ ಪಕ್ಕದ ಜಾಲಿಯಿಂದ. ದುಬೈ ಬಿಟ್ಟು ಬಂದಿದ್ದ ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ "ಲೇ ಜಾವ್ ಭಾಯ್, ನಮ್ಮಲ್ಲಿ ಯಾರೂ ಬಾರಿಸೂದಿಲ್ಲ" ಎಂದು ಹಳೇ ಪೆಟ್ಟಿಗೆಯೊಂದನ್ನು ಕೊಟ್ಟಿದ್ದ. ಬಿಚ್ಚಿದರೆ ಎರಡು ಪುಟ್ಟ ಡೋಲು, ಒಂದು ಸ್ವಲ್ಪ ದೊಡ್ಡದು, ಒಂದು ಸ್ವಲ್ಪ ಸಣ್ಣದು, ನಡುವೆ ಒಂದು ಮರದ ತುಂಡಿನಿಂದ ಸೇರಿಸಿದ್ದು. ಮಂಡಿಗಳ ನಡುವೆ ಇಟ್ಟುಕೊಂಡು ಬೆರಳಿನಿಂದ ಬಾರಿಸಬೇಕು. ಗುರು ಮೊಬೈಲಿನಲ್ಲಿ. ಯಾವ ದೇಶದವನೋ, ಯಾವ ಭಾಷೆಯವನೋ, ತಲೆಗೆ ಟೊಪ್ಪಿ ಇಟ್ಟು ನಗುನಗುತ್ತ ಕಲಿಸುತ್ತಿದ್ದ. ಕೆಳಗೆ ಕನ್ನಡದಲ್ಲಿ ಬರುತ್ತಿದ್ದ ಸಾಲುಗಳನ್ನು ದಾಸ ಗಟ್ಟಿಯಾಗಿ ಓದುತ್ತಿದ್ದ.

"ನೋಡ್ ಇಲ್ಲಿ! ದೊಡ್ಡದು ಹೆಣ್ಣಂತೆ, ಸಣ್ಣದು ಗಂಡಂತೆ!"

"ನಿಮ್ಮ ಗುರು ಸತ್ಯಸ್ಥ" ಎಂದಳು ಮಾಸ್ತಮ್ಮ. "ಅದ್ಸರಿ, ಎರಡನ್ನೂ ಸೇರಿಸಿ ಕಟ್ಟಿ ಹಾಕಿದ್ರಲ್ಲ. ದೊಡ್ಡದು ಎಂತ ಪಾಪ ಮಾಡಿತ್ತೋ."

ಮೊದಲ ಪಾಠ ಇಷ್ಟೇ. ಟಿಕಿ ಟಿಕಿ ಟಿಕಿ, ಢುಂ ಢುಂ. ಸಣ್ಣದರ ಮೇಲೆ ಮೆಲ್ಲನೆ ಟಿಕಿಟಿಕಿ, ದೊಡ್ಡದರ ಮೇಲೆ ಎರಡು ಜೋರು ಏಟು. ಇದನ್ನೇ ಬೆಳಿಗ್ಗೆ, ಇದನ್ನೇ ಮಧ್ಯಾಹ್ನ, ಇದನ್ನೇ ಸಂಜೆ! ಮಳೆಯ ಥಂಡಿಗೆ ಚರ್ಮ ಸಡಿಲಾಗಿ ಢುಂ ಎನ್ನುವ ಬದಲು ಕಪ್ಪೆಯ ಹಾಗೆ ಗೊರಗುಟ್ಟಿದಾಗ ದಾಸ ಅದನ್ನು ಒಲೆಯ ಮೇಲೆ ಹಿಡಿದು ಕಾಯಿಸಿದ. ಪಕ್ಕದಲ್ಲೇ ಮಾಸ್ತಮ್ಮ ಒಣಮೀನು ಸುಡುತ್ತಿದ್ದಳು. ಅಂದಿನಿಂದ ಬೋಂಗೋಕ್ಕೆ ಒಬ್ಬ ಖಾಯಂ ಕೇಳುಗ ಸಿಕ್ಕ. ಮನೆಯ ಬೆಕ್ಕು! ಪಾಠ ಮುಗಿದ ಮೇಲೂ ಅದು ಬೋಂಗೋ ನೆಕ್ಕುತ್ತ ಕೂತಿರುತ್ತಿತ್ತು.

ಒಳಗೆ ಅಳಿಯನ ಬೋಂಗೋ, ಹೊರಗೆ ಜಗುಲಿಯಲ್ಲಿ ಮಾವನ ಬಲೆ. ದೇವಪ್ಪ ಆ ಮಳೆಗಾಲವಿಡೀ ನೋವಿನ ಕಾಲು ಚಾಚಿ ಕೂತು ಹೊಸ ಬಲೆ ಹೊಲಿಯುತ್ತಿದ್ದ. ಒಂದೊಂದು ಗಂಟನ್ನೂ ಎಳೆದು ನೋಡಿ ಮುಂದಕ್ಕೆ ಹೋಗುತ್ತಿದ್ದ. ಬೋಂಗೋ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಜುಲೈ ನಡುವಿನಲ್ಲಿ ಒಂದು ದಿನ ಮಾತ್ರ ಸೂಜಿ ನಿಲ್ಲಿಸಿ ಕೇಳಿದ.

"ದಾಸ, ಆ ಕೈ ಎರಡೂ ಒಂದೇ ಸಲಕ್ಕೆ ಬೇರೆ ಬೇರೆ ಕೆಲಸ ಮಾಡ್ತದಾ?"

"ಹೌದು ಮಾವ! ಅದೇ ವಿದ್ಯೆ!"

"ತಲೆಗೆ ತಿಳಿಸಿ ಮಾಡ್ತದಾ, ತಿಳಿಸದೇ ಮಾಡ್ತದಾ?"

"ತಿಳಿಸದೇ ಮಾವ! ಬೆರಳಿನಷ್ಟಕ್ಕೆ ಬೆರಳು. ಅದ್ರಲ್ಲೇ ಮಜಾ ಇರೂದು!"

"ಹ್ಞೂಂ" ಎಂದು ದೇವಪ್ಪ ಮತ್ತೆ ಗಂಟು ಹಾಕತೊಡಗಿದ.

ಬೆರಳಿನಷ್ಟಕ್ಕೆ ಬೆರಳು ಎಂದದ್ದು ಬಡಾಯಿ ಅಲ್ಲ, ಅಪ್ಪಟ ನಿಜ. ದಾಸನ ಹತ್ತೂ ಬೆರಳು ಅವನ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅಕ್ಕಿ ಡಬ್ಬಿ, ಗ್ಯಾಸ್ ಸಿಲಿಂಡರ್, ಮಾಸ್ತಮ್ಮ ಮೀನು ಮಾರುವ ಅಲ್ಯೂಮಿನಿಯಂ ಬುಟ್ಟಿ, ಒಂದನ್ನೂ ಬಿಡಲಿಲ್ಲ. ಕುಮಟೆಗೆ ಹೋದ ದಿನ ಟೆಂಪೋದ ಕಿಟಕಿ ಪಕ್ಕ ಕೂತು ಹೊರಗೆ ಕೈ ಇಳಿಬಿಟ್ಟಿದ್ದ. ಹಳದೀಪುರದಲ್ಲಿ ಟೆಂಪೋ ನಿಂತಿತು, ಕಂಡಕ್ಟರ್ ಎಲೆ ಅಡಿಕೆಗೆಂದು ಇಳಿದ. ದಾಸನ ಬೆರಳು ತಗಡಿನ ಮೇಲೆ ಟಿಕಿ ಟಿಕಿ ಟಿಕಿ ಎಂದು ಢುಂ ಢುಂ ಎನ್ನುವುದಕ್ಕೂ ಡ್ರೈವರ್ ಗೇರ್ ಹಾಕುವುದಕ್ಕೂ ಸರಿಹೋಯಿತು. ಟೆಂಪೋದ ಮೈಗೆ ಎರಡು ಏಟು ಬಿದ್ದರೆ 'ರೈಟ್' ಎಂದೇ ಅರ್ಥವಲ್ಲವೇ! ಕಂಡಕ್ಟರ್ ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡು ಕೂಗಲೂ ಆಗದೆ, ಉಗುಳಲೂ ಮನಸ್ಸಿಲ್ಲದೆ ಅರ್ಧ ಮೈಲಿ ಓಡಿದ.

ಮಾಸ್ತಮ್ಮ ಈ ಕತೆ ಕೇಳಿ ನಗಲಿಲ್ಲ. ಅವಳ ಮುಖ ಸಣ್ಣದಾಯಿತು.

"ಟೆಂಪೋಕ್ಕಾದದ್ದು ಬೋಟಿಗೆ ಆದ್ರೆ?"

"ಹುಚ್ಚಾ ನಿಂಗೆ? ಬೋಟಿಗೆ ಎಂತ ಆಗ್ತದೆ?"

"ಬೋಟಿನ ಕಟ್ಟಳೆ ಮರ್ತ್ ಹೋತಾ? ಎರಡು ಬಡಿದ್ರೆ ಎಂತ?"

ದಾಸ ನಕ್ಕುಬಿಟ್ಟ. ಆದರೆ ಆ ಕಟ್ಟಳೆಯನ್ನು ನೀವು ತಿಳಿದಿರಬೇಕು. ಬೋಟಿನ ಇಂಜಿನ್ ಹೊಡೆದುಕೊಳ್ಳುವಾಗ ಮುಂದಿನ ಕೋಣೆಯಲ್ಲಿ ಚುಕ್ಕಾಣಿ ಹಿಡಿದವನ ಮಾತು ಹಿಂದೆ ಬಲೆಯ ಹತ್ತಿರ ನಿಂತವರಿಗೆ ಕೇಳುವುದಿಲ್ಲ. ಅದಕ್ಕೇ ದೇವಪ್ಪ ಕೋಣೆಯ ಹಲಗೆ ಬಡಿಯುವ ಪದ್ಧತಿ ಮಾಡಿದ್ದ. ಒಂದು ಬಡಿದರೆ ತಯಾರಾಗಿ. ಎರಡು ಬಡಿದರೆ ಬಲೆ ಬಿಡಿ. ಮೂರು ಬಡಿದರೆ ಎಳೆಯಿರಿ. ಮೀನಿನ ಹಿಂಡು ನಮ್ಮ ಚರ್ಚೆ ಮುಗಿಯುವ ತನಕ ಕಾಯುವುದಿಲ್ಲ, ಆದ್ದರಿಂದ ಬಡಿತ ಕೇಳಿದ ಮೇಲೆ ತಿರುಗಿ ಕೇಳುವಂತಿಲ್ಲ. ತಲೆಗಿಂತ ಮೊದಲು ಕೈ ಏಳಬೇಕು. ಈ ಕಟ್ಟಳೆಯನ್ನು ರಕ್ತದಲ್ಲೇ ಇಳಿಸಿಕೊಂಡವನು ಹಮ್ಮ. ಇಪ್ಪತ್ತೆಂಟು ವರ್ಷದಿಂದ ಅದೇ ಬೋಟಿನ ಹಿಂಬದಿಯಲ್ಲಿ ಬಲೆ ಬಿಡುತ್ತಿದ್ದ ಮುದುಕ. ಆ ಕೈ ಒಮ್ಮೆಯೂ ತಪ್ಪಿದ್ದಿಲ್ಲ ಎಂದು ಬಂದರಿನಲ್ಲಿ ಆಣೆ ಹಾಕಿ ಹೇಳುತ್ತಿದ್ದರು.

ಆಗಸ್ಟ್ ಬಂತು. ಬೋಟಿಗೆ ಹೂವು, ಕಡಲಿಗೆ ತೆಂಗಿನಕಾಯಿ. ಬೋಟಿನಲ್ಲಿ ದಾಸ, ಹಮ್ಮ, ಈರ ಮೂವರೇ, ದೇವಪ್ಪ ದಡದಲ್ಲೇ ಉಳಿದ. ಬೆಳಕು ಹರಿಯುವ ಮೊದಲೇ ಮಾಸ್ತಮ್ಮ ಬುತ್ತಿ ಕೈಗಿಟ್ಟು ಗಂಡನ ಕಿವಿಯಲ್ಲಿ ಹೇಳಿದಳು.

"ಎರಡೂ ಕೈ ಚುಕ್ಕಾಣಿ ಮೇಲೆ. ತುರಿಕೆ ಬಂದ್ರೂ ಬಿಡೂಕಿಲ್ಲ. ಮೂರೇ ದಿನ. ಮೂರು ದಿನ ಮನುಷ್ಯರ ಹಾಗೆ ಇರಿ."

ಮೊದಲ ದಿನ ದಾಸ ಉಸಿರು ಬಿಗಿಹಿಡಿದು ಅಳಿವೆ ದಾಟಿದ. ಶರಾವತಿ ಕಡಲು ಸೇರುವಲ್ಲಿ ಮರಳು ಎಲ್ಲಿ ಎದ್ದಿದೆ ಎಂದು ಹೇಳಲು ಬಾರದು, ಅಲೆ ಎಡಬಲ ಎರಡೂ ಕಡೆಯಿಂದ ತಳ್ಳುತ್ತದೆ. ದಾಟಿದ! ಒಂದು ಬಡಿದ, ಎರಡು ಬಡಿದ, ಮೂರು ಬಡಿದ, ಬುಟ್ಟಿಗಟ್ಟಲೆ ಶೆಟ್ಲಿ, ಅಂದರೆ ಸಿಗಡಿ, ಬಂತು. ಎರಡನೇ ದಿನ ಮೂಗು ತುರಿಸಿತು. ಕೈ ಬಿಡಬಾರದಲ್ಲ! ದಿಕ್ಸೂಚಿಯ ಗಾಜಿಗೇ ಮೂಗು ಉಜ್ಜಿ ಸುಧಾರಿಸಿಕೊಂಡ. ಆ ದಿನವೂ ಶೆಟ್ಲಿ. ಸಂಜೆ ಚಾ ಅಂಗಡಿಯ ಬೆಂಚು ಸ್ವಲ್ಪ ಸರಿದು ಜಾಗ ಕೊಟ್ಟಿತು. "ಬನ್ನಿ ತಾಂಡೇಲ್ರೇ" ಎಂದರು! ದಾಸ ಮನೆಗೆ ಬಂದು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

ಮೂರನೇ ದಿನ. ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಕಡಲು ಎಣ್ಣೆ ಸವರಿದಂತೆ ಮಲಗಿತ್ತು. ಮೀನಿನ ಜಾಗಕ್ಕೆ ಇನ್ನೂ ಕಾಲು ಗಂಟೆಯ ದಾರಿ. ದಾಸ ಉತ್ಸಾಹದಲ್ಲಿ ಮೊದಲೇ ಒಂದು ಬಡಿದು ತಯಾರಿರಲು ಹೇಳಿದ್ದ. ಹಮ್ಮ ಹೊಸ ಬಲೆಯ ಬಾಯಿ ಹಿಡಿದು ನಿಂತಿದ್ದ. ಈರ ಬೆನ್ನು ಹಾಕಿ ಚಾ ಕುಡಿಯುತ್ತಿದ್ದ.

'ಇವತ್ತೊಂದು ದಿನ' ಎಂದುಕೊಂಡ ದಾಸ. 'ಇವತ್ತು ಸಂಜೆ ಮಾವ ಎಲ್ಲರ ಎದುರು ಹೇಳ್ತಾರೆ. ದಾಸನೇ ತಾಂಡೇಲ!' ಎದೆ ತುಂಬಿ ಬಂತು. ತುಂಬಿದ ಎದೆ ತೋಳಿಗಿಳಿಯಿತು, ತೋಳಿನಿಂದ ಬೆರಳಿಗಿಳಿಯಿತು. ಬಲಗೈ ಯಾವಾಗ ಚುಕ್ಕಾಣಿ ಬಿಟ್ಟಿತೋ ದೇವರಿಗೇ ಗೊತ್ತು!

ಟಿಕಿ ಟಿಕಿ ಟಿಕಿ. ಢುಂ. ಢುಂ.

ಟಿಕಿಟಿಕಿ ಇಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಯಿತು. ಕೊನೆಯ ಎರಡು ಏಟು ಮಾತ್ರ ಹಲಗೆಯ ಮೇಲಿಂದ ಹಿಂದಕ್ಕೆ ನಡೆದುಹೋದವು. ಇಪ್ಪತ್ತೆಂಟು ವರ್ಷದ ಕೈ ತಲೆಯನ್ನು ಕೇಳಲಿಲ್ಲ. ಬಲೆ ನೀರಿಗೆ!

ಹಗ್ಗ ಸರಸರ ಬಿಚ್ಚುವ ಸದ್ದಿಗೆ ದಾಸ ತಿರುಗಿ ನೋಡಿದ. ಆಮೇಲೆ ದಡದ ಕಡೆ ನೋಡಿದ. ದಂಡೆಯ ಗುಡ್ಡದ ನೆತ್ತಿ ಮತ್ತು ಅದರ ಕೆಳಗಿನ ಬೋಳು ತೆಂಗು ಒಂದೇ ಗೆರೆಗೆ ಬಂದಿದ್ದವು. ಆ ಗೆರೆಯಲ್ಲಿ, ನೀರಿನಡಿ, ಮುದುಕಿಕಲ್ಲು! ಹಿಡಿದದ್ದನ್ನು ಬಿಡದ ಮುದುಕಿ. ಅಲ್ಲಿ ಬಲೆ ಬಿಡುವವನು ಒಂದೋ ಹುಚ್ಚ, ಇಲ್ಲ ಘಟ್ಟದ ಮೇಲಿನವ.

"ಹಮ್ಮಣ್ಣಾ! ಬೇಡಾ! ಎಳೀ!" ಎಂದು ಕಿರುಚಿದ. ಯಾರಿಗೆ ಕೇಳಬೇಕು?

ಬೋಟು ಗಕ್ಕನೆ ನಿಂತಿತು. ಹಗ್ಗ ಬಿಗಿದು ಕೀರಲಿಟ್ಟಿತು. ಹಿಂಬದಿ ಕುಸಿದು ಒಂದು ತೆರೆ ನೀರು ಒಳಗೇ ನುಗ್ಗಿತು. ಈರನ ಚಾ ಕಡಲು ಸೇರಿತು, ಈರನೂ ಸೇರಬೇಕಿತ್ತು, ಕಂಬ ತಬ್ಬಿಕೊಂಡು ಉಳಿದ. ದಾಸ ಇಂಜಿನ್ ಇಳಿಸುವುದು ಬಿಟ್ಟು ಹಲಗೆಗೆ ಬಡಿಯತೊಡಗಿದ. ಮೂರು ಬಡಿಯಬೇಕು, ಮೂರೇ ಮೂರು! ಆದರೆ ಗಾಬರಿಗೊಂಡ ಬೆರಳಿಗೆ ಗೊತ್ತಿದ್ದದ್ದು ಒಂದೇ ಪಾಠ. ಢುಂ ಢುಂ ಢುಂ, ಟಿಕಿ ಟಿಕಿ, ಢುಂ ಢುಂ! ಹಮ್ಮ ಪಾಪ, ಆಳಾಗಿ ಹುಟ್ಟಿದ ಮೇಲೆ ಮಾಡುವುದೇನು? ಮೂರಕ್ಕೆ ಎಳೆದ. ಎರಡಕ್ಕೆ ಬಿಟ್ಟ. ಮತ್ತೆ ಎಳೆದ. ಮತ್ತೆ ಬಿಟ್ಟ. ಅರವತ್ತು ದಾಟಿದ ಮುದುಕ ಬೋಂಗೋ ತಾಳಕ್ಕೆ ಸರಿಯಾಗಿ ಕುಣಿಯುತ್ತಿದ್ದ!

"ಭಾವಾ, ಇಂಜಿನ್ ಇಳ್ಸೋ! ಮುಳುಗ್ತೇವೋ!" ಎಂದು ಈರ ಬೊಬ್ಬೆ ಹೊಡೆದ.

"ಇಡಗುಂಜಿ ಗಣಪಾ, ಪಂಚಕಜ್ಜಾಯ ಮಾಡಿಸ್ತೆ!" ಎಂದ ದಾಸ. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರಲ್ಲ, ಇಲ್ಲಿ ಗಣಪತಿ ಹತ್ತಿರವಿದ್ದ ಅಷ್ಟೇ.

ಪರ್ ಎಂದು ಒಂದು ಸದ್ದು. ಬೋಟು ಹಗುರಾಗಿ ಮುಂದಕ್ಕೆ ಜಿಗಿಯಿತು. ಮೂವರೂ ಕೂಡಿ ಬಲೆ ಎಳೆದುಕೊಂಡರು. ಅರ್ಧ ಬಂತು. ಉಳಿದರ್ಧ ಮುದುಕಿಯ ಪಾಲು. ಬಂದ ಅರ್ಧದಲ್ಲೂ ಹರಕು, ಪಾಚಿ, ಕಲ್ಲಿಗಂಟುವ ಚಿಪ್ಪು. ಅರವತ್ತೊಂದು ದಿನ, ನೋವಿನ ಕಾಲು ಚಾಚಿ, ಒಂದೊಂದೇ ಗಂಟು ಎಳೆದು ನೋಡಿ ಮಾವ ಹೊಲಿದ ಬಲೆ! ದಾಸ ಅದರ ಎದುರು ಕುಕ್ಕರಗಾಲಲ್ಲಿ ಕೂತು ಹೋದ.

"ಭಾವ, ನೀನು ಎರಡು ಬಡಿದ್ದೆಂತಕ್ಕೆ?" ಎಂದ ಈರ.

"ನಾ ಬಡೀಲಿಲ್ಲೋ. ಬೆರಳು ಬಡೀತು."

ಹಮ್ಮ ಬಲೆ ಮಡಚುತ್ತ ತಲೆ ಎತ್ತದೆ ಹೇಳಿದ. "ಆದದ್ದಾತು. ತಾಂಡೇಲನ ಮರ್ಯಾದೆ ಬೋಟಿನ ಮರ್ಯಾದೆ. ದಡದಲ್ಲಿ ಮೂವರೂ ಒಂದೇ ಮಾತು ಹೇಳ್ವ. ಹೊರಗಿನ ಯಾವುದೋ ದೊಡ್ಡ ಬೋಟಿನ ಹಳೇ ಲಂಗರು ಅಡಿಗೆ ಬಿದ್ದಿತ್ತು, ಸಿಕ್ಕಿತು, ಹರೀತು. ಆತಾ?"

"ಆತು" ಎಂದರು ಇಬ್ಬರೂ.

ಒಂದೇ ಮಾತು! ದಡ ಹತ್ತಿರವಾಗಿ ಮೊಬೈಲಿಗೆ ಸಿಗ್ನಲ್ ಸಿಕ್ಕ ಗಳಿಗೆಯಲ್ಲೇ ಈರ ಅಕ್ಕನಿಗೆ ಫೋನು ಮಾಡಿ "ತಿಮಿಂಗಿಲ ಅಕ್ಕ! ಬೋಟಿಗಿಂತ ಎರಡು ಪಾಲು!" ಎಂದುಬಿಟ್ಟ. ಲಂಗರು ಬಹಳ ಸಪ್ಪೆಯಾಯಿತು ಎನಿಸಿತ್ತಂತೆ ಅವನಿಗೆ. ಬಂದರಿನಲ್ಲಿ ಯಾರೋ ಕೇಳಿದಾಗ ದಾಸ ಬೆವರುತ್ತ "ದೊಡ್ಡ ತೊರಕೆ ಮೀನು" ಎಂದ. ಹಮ್ಮ ಒಬ್ಬ ಮಾತ್ರ ಲಂಗರಿಗೆ ಅಂಟಿಕೊಂಡಿದ್ದ. ಬಲೆ ಹೊತ್ತು ಮೂವರು ಮನೆ ಮುಟ್ಟುವುದರೊಳಗೆ ಮೂರು ಸುದ್ದಿಯೂ ಅವರಿಗಿಂತ ಮೊದಲೇ ಮನೆ ಮುಟ್ಟಿದ್ದವು. ಬೇಲಿಯಾಚೆ ನೆರೆಯವರ ತಲೆಗಳು ಸಾಲಾಗಿ ನಿಂತಿದ್ದವು.

ದೇವಪ್ಪ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ. ಬೈಯಲಿಲ್ಲ, ಏಳಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಬಲೆಯ ಒಂದು ತುದಿ ಎಳೆದುಕೊಂಡು, ಅದರಲ್ಲಿ ಸಿಕ್ಕಿದ್ದ ಚಿಪ್ಪೊಂದನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಿದ.

"ಈರ, ತಿಮಿಂಗಿಲದ ಬೆನ್ನ ಮೇಲೆ ಚಿಪ್ಪು ಬೆಳೀತದಾ?"

ಈರ ಮಾಡಿನ ಹಂಚು ಎಣಿಸತೊಡಗಿದ.

"ಇದು ಮುದುಕಿಕಲ್ಲಿನ ಚಿಪ್ಪು. ನಾ ಮೂವತ್ತೈದು ವರ್ಷ ಅವಳನ್ನ ಸುತ್ತಿ ಹೋದವ." ದೇವಪ್ಪನ ದನಿ ಇನ್ನೂ ತಗ್ಗಿತು. "ಅಲ್ಲಿ ಬಲೆ ಬಿಟ್ಟವರು ಯಾರು?"

ದಾಸ ಜಗುಲಿಯ ಮರದ ಪೆಟ್ಟಿಗೆಯ ಮೇಲೆ ಕೂತು ನೆಲ ನೋಡುತ್ತಿದ್ದ. ಬಾಗಿಲಲ್ಲಿ ನಿಂತ ಮಾಸ್ತಮ್ಮ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತಾಗಿತ್ತು, ಹೆಂಡತಿಯರಿಗೆ ಗೊತ್ತಾಗುವ ಹಾಗೆ.

"ಬಿಟ್ಟವ ನಾನು" ಎಂದ ಹಮ್ಮ. ಹರಿದ ಬಲೆಯ ರಾಶಿಯನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡು ಅಂಗಳದ ನಡುವೆ ನಿಂತಿದ್ದ. "ಕೈ ಜಾರಿತು ದೇವಪ್ಪ."

"ಇಪ್ಪತ್ತೆಂಟು ವರ್ಷ ಜಾರದ ಕೈ?"

"ವಯಸ್ಸಾತಲ್ಲ."

ದೇವಪ್ಪ ಅಂಗೈಯ ಚಿಪ್ಪನ್ನು ಕೆಳಗಿಟ್ಟ. "ಹಾಗಾದ್ರೆ ಹಮ್ಮ, ನೀನೂ ನನ್ನ ಹಾಗೇ ಆದೆ. ನಾಳೆಯಿಂದ ಬೋಟಿಗೆ ಬರೂದು ಬೇಡ. ಹಗ್ಗಕ್ಕೆ ಸಿಕ್ಕಿ ಪ್ರಾಣ ಕಳ್ಕೊಂಡ್ರೆ ನಿನ್ನ ಹೆಂಡತಿಗೆ ನಾ ಎಂತ ಹೇಳೂದು?"

ಹಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ಬಲೆಯನ್ನು ಮಾತ್ರ ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

ದಾಸ ಮನಸ್ಸಿನಲ್ಲೇ ತೂಗಿ ನೋಡಿದ. ಈಗ ಬಾಯಿ ಬಿಟ್ಟರೆ ಚುಕ್ಕಾಣಿ ಹೋಯಿತು, ಬೆಂಚು ಹೋಯಿತು, 'ಬೋಟಿನ ಅಳಿಯ' ವಾಪಸು ಬಂತು. ಬಿಡದಿದ್ದರೆ ತಪ್ಪೇ ಮಾಡದ ಮುದುಕ ನಾಳೆಯಿಂದ ದಡದಲ್ಲಿ ಕೂತು ಹೋಗಿಬರುವ ಬೋಟು ಲೆಕ್ಕ ಹಾಕಬೇಕು. ಹೇಳು, ಹೇಳು ಎಂದಿತು ಎದೆ. ತಡಿ, ತಡಿ ಎಂದಿತು ನಾಲಿಗೆ. ಒಂದು ನಿಮಿಷ ತಡಿ, ಮಾವ ತಾವೇ ಮನಸ್ಸು ಬದಲಿಸಬಹುದು! ಥೂ ನಿನ್ನ ಎಂದು ಅವನಿಗೇ ಅನಿಸಿತು, ಆದರೂ ತುಟಿ ಬಿಚ್ಚಲಿಲ್ಲ. ಮಾವ ನಿಧಾನವಾಗಿ ಅವನ ಕಡೆ ತಿರುಗಿದ.

"ದಾಸ, ನೀನು ಎಂತ ಹೇಳ್ತೆ? ಬಡಿತ ಇಲ್ಲದೇ ಹಮ್ಮ ಬಲೆ ಬಿಟ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದಾಸ ಹೆಗಲು ಮುಟ್ಟಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಅವನ ಬಾಯಿ "ಹೌದು ಮಾವ" ಎನ್ನಲು ತೆರೆಯುತ್ತಿದ್ದಂತೆ, ತೊಡೆಯ ಪಕ್ಕ ಬಿದ್ದಿದ್ದ ಬಲಗೈ ಮರದ ಪೆಟ್ಟಿಗೆಯ ಮೇಲೆ ತನ್ನಷ್ಟಕ್ಕೆ ಶುರುಮಾಡಿತು.

ಟಿಕಿ ಟಿಕಿ ಟಿಕಿ. ಢುಂ. ಢುಂ.

ಹಮ್ಮ ಬಲೆ ಬಿಟ್ಟ!

ಬರೀ ಬಿಡಲಿಲ್ಲ ಸ್ವಾಮಿ, ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ತೋಳಿಗೆ ತಂದು ಬೀಸಿ ಬಿಟ್ಟ. ಅರ್ಧ ಬಲೆಯಾದರೂ ಅದು ದೇವಪ್ಪ ಹೊಲಿದ ಬಲೆ. ಆಕಾಶದಲ್ಲಿ ಅಗಲವಾಗಿ ಬಿಚ್ಚಿಕೊಂಡು, ಕುರ್ಚಿಯಲ್ಲಿ ಕೂತ ದೇವಪ್ಪನ ಮೇಲೆ, ಕುರ್ಚಿಯ ಕೆಳಗೆ ಮಲಗಿದ್ದ ಬೆಕ್ಕಿನ ಮೇಲೆ, ಪಕ್ಕದಲ್ಲಿದ್ದ ತುಳಸಿ ಕಟ್ಟೆಯ ಮೇಲೆ ಹದವಾಗಿ ಇಳಿಯಿತು. ಬೆಕ್ಕು ಒಮ್ಮೆ ಎಗರಿತು, ಬಲೆ ಇನ್ನಷ್ಟು ಸುತ್ತಿಕೊಂಡಿತು. ಹಮ್ಮ ಖಾಲಿ ಕೈ ಮುಂದೆ ಚಾಚಿಕೊಂಡೇ ನಿಂತಿದ್ದ. ತಾನು ಮಾಡಿದ್ದು ಅವನ ತಲೆಗೆ ಇನ್ನೂ ತಲುಪಿರಲಿಲ್ಲ.

ದಾಸ ಎದ್ದು ನಿಂತ.

"ಮಾವ... ನಾನೇ ಬಡಿದದ್ದು. ಹಮ್ಮಣ್ಣನ ಕೈ ಜಾರಲಿಲ್ಲ. ನನ್ನ ಬೆರಳು ಜಾರಿತು. ಹೇಳೂಕೆ ಧೈರ್ಯ ಸಾಲ್ಲಿಲ್ಲ."

ಬಲೆಯೊಳಗಿಂದ ದೇವಪ್ಪನ ದನಿ ಬಂತು, ತೂಕವಾಗಿ.

"ಅದು ಆಮೇಲೆ ನೋಡ್ವ. ಈಗ ಮೂರು ಬಡಿ ಮಾರಾಯ. ನನ್ನ ಎಳೀಲಿ."

ಬೇಲಿಯಾಚೆಯ ತಲೆಗಳು ಒಂದೊಂದಾಗಿ ಕೆಳಗೆ ಮುಳುಗಿದವು. ನಗುವುದಕ್ಕೆ ನೆಲದ ಮೇಲೆ ಕೂರಬೇಕಾಗಿತ್ತು ಅವರಿಗೆ. ದಾಸ ಮೂರು ಬಡಿದ. ಹಮ್ಮ ಎಳೆದ. ಮಾವ ಹೊರಬಂದ, ಕಿವಿಗೆ ಒಂದು ಚಿಪ್ಪು ನೇತಾಡುತ್ತಿತ್ತು.

ತೀರ್ಪು ಅಲ್ಲೇ ಆಯಿತು. "ಹಮ್ಮ, ನಿನ್ನ ಕೈ ಸಮ ಇದ್ದು. ಸಾಯೂ ತನಕ ಬೋಟಿಗೆ ಬಾ. ಈರ, ನಾಳೆ ಹಳೇ ಬಲೆ ತಕ್ಕೊಂಡ್ ಚುಕ್ಕಾಣಿ ನೀ ಹಿಡಿ. ತಿಮಿಂಗಿಲ ಕಂಡ್ರೆ ಕೈಮುಗಿದು ವಾಪಸು ಬಾ." ಆಮೇಲೆ ಅಳಿಯನ ಬೆರಳುಗಳನ್ನು ಹಿಡಿದು ಒಂದೊಂದನ್ನೂ ಬಲೆಯ ಗಂಟಿನ ಹಾಗೆ ಎಳೆದು ನೋಡಿದ. "ಚುರುಕಾಗಿದ್ದೋ. ಇಂಥ ಬೆರಳಿಗೆ ಚುಕ್ಕಾಣಿ ಸಾಲೂದಿಲ್ಲ. ಈ ಬಲೆ ಹೊಲಿ. ಹೋದ ಅರ್ಧವನ್ನೂ ಹೊಲಿ. ಒಂದು ಕಣ್ಣೂ ತಪ್ಪದೇ ಮುಗಿಸಿದ ದಿನ ಚುಕ್ಕಾಣಿ ಮಾತಾಡ್ವ."

"ಬೋಂಗೋ ಮಾವ?"

"ಅದು ನಂಗೆ ಗೊತ್ತಿಲ್ಲ. ಅದ್ರ ತಾಂಡೇಲ ಒಳಗಿದ್ದು."

ಮರುದಿನದಿಂದ ದಾಸ ಜಗುಲಿಯಲ್ಲಿ ಕಾಲು ಚಾಚಿ ಕೂತ. ಕೈಯಲ್ಲಿ ಸೂಜಿ, ಮಡಿಲಲ್ಲಿ ಬಲೆ, ಬಲೆಯಲ್ಲಿ ಎಣಿಸಿ ಮುಗಿಯದ ಕಣ್ಣುಗಳು. ಚಾ ಅಂಗಡಿಯ ಬೆಂಚಿನ ಕಡೆ ತಲೆ ಹಾಕಲಿಲ್ಲ. ಹೊತ್ತು ನೆತ್ತಿಗೇರಿ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಅಡಿಗೆಮನೆಯಿಂದ ಸದ್ದು ಬಂತು.

ಢುಂ.

ದಾಸ ಬೆಚ್ಚಿಬಿದ್ದ. ಅವನದೇ ಬೋಂಗೋ! ಅದೂ ಎಂಥ ದುಂಡಗಿನ 'ಢುಂ'! ಅರವತ್ತೊಂದು ದಿನದಲ್ಲಿ ಅವನಿಗೆ ಒಮ್ಮೆಯೂ ಒಲಿಯದ ನಾದ!

"ಎಂತ ಮಾಡ್ತೆ ಅಲ್ಲಿ?" ಎಂದು ಕೂಗಿದ.

ಮಾಸ್ತಮ್ಮ ಬಾಗಿಲಿಗೆ ಬಂದಳು. ಬೋಂಗೋ ಸೊಂಟದ ಮೇಲೆ, ಮೀನಿನ ಬುಟ್ಟಿ ಇಟ್ಟುಕೊಳ್ಳುವ ಹಾಗೆ.

"ನೀವು ಮುಂದೆ ಕೂತು ಕಲಿಯುವಾಗ ನಾ ಹಿಂದೆ ನಿಂತು ಕಲ್ತೆ. ಇನ್ ಮೇಲೆ ಈ ಮನೆಗೂ ಒಂದು ಕಟ್ಟಳೆ. ಒಂದು ಬಡಿದ್ರೆ ಬಾವಿಯಿಂದ ನೀರು. ಎರಡು ಬಡಿದ್ರೆ ಮೀನು ಹೆಚ್ಚೂದು. ಮೂರು ಬಡಿದ್ರೆ ಊಟ. ತಿರುಗಿ ಕೇಳೂಕಿಲ್ಲ."

ಅವಳು ಒಳಗೆ ಹೋದಳು. ದಾಸ ಸೂಜಿ ಹಿಡಿದು ಕಿವಿ ನೆಟ್ಟು ಕೂತ. ಒಳಗಿಂದ ಬಾಂಗಡೆ ಸಾರಿನ ಪರಿಮಳ ಬರುತ್ತಿತ್ತು.

ಢುಂ.

ಅವನು ಉಸಿರು ಬಿಗಿಹಿಡಿದ.

ಢುಂ.

ಇನ್ನೊಂದು, ದೇವರೇ, ಇನ್ನೊಂದೇ ಒಂದು! ಬೆಕ್ಕು ಕೂಡ ತಲೆ ಎತ್ತಿ ಕಾಯಿತು. ಕಾದರು, ಕಾದರು. ಮೂರನೆಯದು ಬರಲಿಲ್ಲ.

ದಾಸನಿಗೆ ತಿಳಿಯುವ ಮೊದಲೇ ಅವನ ಕಾಲು ಎದ್ದಿತ್ತು, ಕೈ ಮೀನು ಹೆಚ್ಚುವ ಕತ್ತಿ ಹುಡುಕುತ್ತಿತ್ತು.